ಬಡಾವಣೆಯ ಮೈದಾನದಿಂದ ನವುಲೆಯವರೆಗೆ: ಕರ್ನಾಟಕದ ಕಿರಿಯರ ತಂಡ ಮತ್ತು ಕೂಚ್ ಬೆಹಾರ್ ಟ್ರೋಫಿ

ಕೂಚ್ ಬೆಹಾರ್ ಟ್ರೋಫಿ 19 ವರ್ಷದೊಳಗಿನ ಹುಡುಗರಿಗಾಗಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ನಡೆಸುವ ಟೂರ್ನಿ. ಇದರಲ್ಲಿ ರಾಜ್ಯ ತಂಡಗಳು ನಾಲ್ಕು ದಿನಗಳ, ಎರಡು ಇನಿಂಗ್ಸ್‌ಗಳ ಪಂದ್ಯಗಳನ್ನು ಆಡುತ್ತವೆ. ರಾಜ್ಯದ ಕಿರಿಯರ ತಂಡ ಹಿರಿಯರ ತಂಡಕ್ಕೆ ಆಟಗಾರರನ್ನು ಒದಗಿಸುತ್ತದೆ. ಕರ್ನಾಟಕದ ಕಿರಿಯರು ಈ ಟ್ರೋಫಿಯನ್ನು ಮೊದಲ ಬಾರಿಗೆ ಗೆದ್ದದ್ದು 2024ರ ಜನವರಿ 15ರಂದು, ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ. ಹಿರಿಯರ ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದಿರುವ ರಾಜ್ಯಕ್ಕೆ ಕಿರಿಯರ ಪ್ರಶಸ್ತಿ ದಕ್ಕಲು ಇಷ್ಟು ಕಾಲ ಹಿಡಿಯಿತು. ಆ ಗೆಲುವಿನ ಹಿಂದೆ ಶಾಲೆ, ಕ್ಲಬ್, ವಲಯ ಮತ್ತು ರಾಜ್ಯ ಸಂಸ್ಥೆಗಳು ದಶಕಗಳಿಂದ ಕಟ್ಟಿಕೊಂಡು ಬಂದ ವ್ಯವಸ್ಥೆಯಿದೆ.

ಟ್ರೋಫಿಯ ಹಿನ್ನೆಲೆ

ಕೂಚ್ ಬೆಹಾರ್ ಈಗ ಪಶ್ಚಿಮ ಬಂಗಾಳದ ಉತ್ತರ ಭಾಗದ ಒಂದು ಜಿಲ್ಲೆ. ಹಿಂದೆ ಅದೊಂದು ದೇಶೀಯ ಸಂಸ್ಥಾನವಾಗಿತ್ತು. ಅಲ್ಲಿನ ರಾಜಮನೆತನಕ್ಕೆ ಕ್ರಿಕೆಟ್ ಮೇಲೆ ತುಂಬ ಒಲವಿತ್ತು. ಆ ಮನೆತನ ಕೊಟ್ಟ ಟ್ರೋಫಿಗಾಗಿ 1945–46ರಲ್ಲಿ ಅಖಿಲ ಭಾರತ ಮಟ್ಟದ ಶಾಲಾ ಟೂರ್ನಿ ಶುರುವಾಯಿತು. ಸುಮಾರು ನಾಲ್ಕು ದಶಕಗಳ ಕಾಲ ಇದು ಶಾಲಾ ವಿದ್ಯಾರ್ಥಿಗಳ ಟೂರ್ನಿಯಾಗಿಯೇ ನಡೆಯಿತು. ಸುನೀಲ್ ಗಾವಸ್ಕರ್ ಅವರ ಹೆಸರು ಮುಂಬೈಯ ಆಚೆಗೆ ಮೊದಲು ಕೇಳಿಬಂದದ್ದು 1960ರ ದಶಕದ ಮಧ್ಯದಲ್ಲಿ ಈ ಟೂರ್ನಿಯಲ್ಲಿ ಅವರು ಹೊಡೆದ ದ್ವಿಶತಕಗಳಿಂದ. ಶಾಲಾ ಕ್ರಿಕೆಟ್‌ಗೆ ಆಗ ಎಷ್ಟು ತೂಕವಿತ್ತೆಂದರೆ 1967ರಲ್ಲಿ ಭಾರತದ ಶಾಲಾ ತಂಡವೊಂದು ಇಂಗ್ಲೆಂಡ್ ಪ್ರವಾಸವನ್ನೇ ಕೈಗೊಂಡಿತು. ಮುಂದೆ ಕರ್ನಾಟಕ ಮತ್ತು ಭಾರತದ ವಿಕೆಟ್ ಕೀಪರ್ ಆಗಿ ಹೆಸರಾದ ಸಯ್ಯದ್ ಕಿರ್ಮಾನಿ ಆ ತಂಡದಲ್ಲಿದ್ದರು.

1987–88ರಿಂದ ಟೂರ್ನಿಯ ಸ್ವರೂಪ ಬದಲಾಯಿತು. ಶಾಲೆಯಲ್ಲಿ ಓದುತ್ತಿರಬೇಕೆಂಬ ಮಾನದಂಡ ಹೋಗಿ, 19ರೊಳಗಿನ ವಯಸ್ಸು ಮಾನದಂಡವಾಯಿತು. ರಾಜ್ಯ ಸಂಸ್ಥೆಗಳು ನೇರವಾಗಿ ತಂಡ ಕಳಿಸತೊಡಗಿದವು. ಇದರಿಂದ ಶಾಲೆ ಮುಗಿಸಿ ಕಾಲೇಜಿಗೆ ಸೇರಿದವರಿಗೂ, ಓದು ಬಿಟ್ಟು ಕ್ಲಬ್ ಕ್ರಿಕೆಟ್ ಆಡುತ್ತಿದ್ದವರಿಗೂ ಬಾಗಿಲು ತೆರೆಯಿತು. ಈಗ ಕಿರಿಯರ ಕ್ರಿಕೆಟ್‌ನಲ್ಲಿ ಸ್ಪಷ್ಟವಾದ ಮೆಟ್ಟಿಲುಗಳಿವೆ: 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19 ವರ್ಷದೊಳಗಿನವರಿಗೆ ಏಕದಿನ ಮಾದರಿಯಲ್ಲಿ ವಿನೂ ಮಂಕಡ್ ಟ್ರೋಫಿ ಮತ್ತು ನಾಲ್ಕು ದಿನಗಳ ಮಾದರಿಯಲ್ಲಿ ಕೂಚ್ ಬೆಹಾರ್ ಟ್ರೋಫಿ, ಅದರ ಮೇಲೆ 23 ವರ್ಷದೊಳಗಿನವರಿಗೆ ಕರ್ನಲ್ ಸಿ.ಕೆ. ನಾಯ್ಡು ಟ್ರೋಫಿ. ಇವೆಲ್ಲದರ ತುದಿಯಲ್ಲಿರುವುದು ರಣಜಿ.

ಮೈಸೂರು ಸಂಸ್ಥೆಯಿಂದ ಕರ್ನಾಟಕ ಸಂಸ್ಥೆಗೆ

ರಾಜ್ಯದ ಕ್ರಿಕೆಟ್ ಆಡಳಿತದ ಚರಿತ್ರೆ ಆರಂಭವಾಗುವುದು 1933ರಲ್ಲಿ ಸ್ಥಾಪನೆಯಾದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯಿಂದ. ಮರುವರ್ಷ, 1934ರ ನವೆಂಬರ್ 4ರಂದು, ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯದಲ್ಲಿ ಮೈಸೂರು ತಂಡ ಮದ್ರಾಸಿನ ಚೆಪಾಕ್ ಮೈದಾನದಲ್ಲಿ ಕಣಕ್ಕಿಳಿಯಿತು. ಎರಡು ಇನಿಂಗ್ಸ್‌ಗಳಲ್ಲಿ ಮೈಸೂರು ಗಳಿಸಿದ್ದು 48 ಮತ್ತು 59 ರನ್. ಮದ್ರಾಸಿನ ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಪಂದ್ಯ ಒಂದೇ ದಿನದಲ್ಲಿ ಮುಗಿದು, ಮೈಸೂರು ಇನಿಂಗ್ಸ್ ಸೋಲು ಕಂಡಿತು.

ಅಂಥ ಆರಂಭದಿಂದ ತಂಡ ನಿಧಾನವಾಗಿ ಮೇಲೆದ್ದಿತು. 1941–42 ಮತ್ತು 1959–60ರಲ್ಲಿ ರಣಜಿ ಫೈನಲ್ ತಲುಪಿ, ಎರಡೂ ಸಲ ಮುಂಬೈಗೆ ಶರಣಾಯಿತು. 1967ರಲ್ಲಿ ಭದ್ರಾವತಿಯ 18ರ ಹುಡುಗ ಜಿ.ಆರ್. ವಿಶ್ವನಾಥ್ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಗಳಿಸಿದರು. ಹದಿಹರೆಯದವರನ್ನು ನಂಬಿ ಆಡಿಸಿದರೆ ಏನಾಗಬಹುದು ಎಂಬುದನ್ನು ರಾಜ್ಯಕ್ಕೆ ತೋರಿಸಿಕೊಟ್ಟ ಇನಿಂಗ್ಸ್ ಅದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದೇ ಋತುವಿನಲ್ಲಿ, ಅಂದರೆ 1973–74ರಲ್ಲಿ, ಎರಪಳ್ಳಿ ಪ್ರಸನ್ನ ನಾಯಕತ್ವದ ತಂಡ ಸೆಮಿಫೈನಲ್‌ನಲ್ಲಿ ಮುಂಬೈಯನ್ನೂ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಮಣಿಸಿ ಮೊದಲ ರಣಜಿ ಟ್ರೋಫಿಯನ್ನು ತಂದಿತು.

ಸಂಸ್ಥೆಗೆ ಸ್ವಂತ ಕ್ರೀಡಾಂಗಣ ದೊರೆತದ್ದೂ ಆ ಹೊತ್ತಿನಲ್ಲೇ. ಅದಕ್ಕೂ ಮುಂಚೆ ಬೆಂಗಳೂರಿನ ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿ ಅವರ ದೀರ್ಘ ದುಡಿಮೆಯಿಂದ ಕಬ್ಬನ್ ಉದ್ಯಾನದ ಪಕ್ಕದಲ್ಲಿ ಕ್ರೀಡಾಂಗಣ ಎದ್ದು ನಿಂತಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ಈಗ ಆ ಕ್ರೀಡಾಂಗಣ ಅವರ ಹೆಸರಿನಲ್ಲೇ ಇದೆ.

ತಂಡ ರೂಪುಗೊಳ್ಳುವ ಬಗೆ

ರಾಜ್ಯದ ಕಿರಿಯರ ತಂಡ ಟ್ರಯಲ್ಸ್ ನಡೆಯುವ ಎರಡು ದಿನದಲ್ಲಿ ಹುಟ್ಟುವುದಿಲ್ಲ. ಅದರ ಮೊದಲ ಹಂತ ಶಾಲೆ. ಬೆಂಗಳೂರಿನ ಅಂತರ ಶಾಲಾ ಟೂರ್ನಿಗಳಲ್ಲಿ ಬಿ.ಟಿ.ಆರ್. ಶೀಲ್ಡ್ ಮತ್ತು ಕಾಟೋನಿಯನ್ ಶೀಲ್ಡ್ ಹೆಸರು ಕೇಳದ ಕ್ರಿಕೆಟ್ ಮನೆ ಇಲ್ಲ. ಟೆನಿಸ್ ಬಾಲಿನಲ್ಲಿ ಬೀದಿಯಾಟ ಆಡಿಕೊಂಡಿದ್ದ ಹುಡುಗನಿಗೆ ಲೆದರ್ ಬಾಲ್, ಪ್ಯಾಡು, ಅಂಪೈರು, ಸ್ಕೋರರ್ ಎಂಬ ಶಿಸ್ತಿನ ಪರಿಚಯವಾಗುವುದು ಇಲ್ಲಿ. ಸ್ಕೋರ್ ಪುಸ್ತಕದಲ್ಲಿ ಹೆಸರು ಬಂದಮೇಲೆ ಆಯ್ಕೆಗಾರರ ಕಣ್ಣಿಗೂ ಬೀಳುತ್ತದೆ.

ಎರಡನೆಯ ಹಂತ ಕ್ಲಬ್. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೀಗ್‌ನಲ್ಲಿ ಹಲವು ಡಿವಿಷನ್‌ಗಳಿವೆ. ಸ್ವಸ್ತಿಕ್ ಯೂನಿಯನ್, ಬೆಂಗಳೂರು ಯುನೈಟೆಡ್, ಸಿಟಿ ಕ್ರಿಕೆಟರ್ಸ್, ಫ್ರೆಂಡ್ಸ್ ಯೂನಿಯನ್, ವಲ್ಚರ್ಸ್‌ನಂಥ ಹಳೆಯ ಕ್ಲಬ್‌ಗಳು ಈ ಲೀಗ್‌ನ ಆಧಾರ. ಅನಿಲ್ ಕುಂಬ್ಳೆ ಬಾಲ್ಯದಲ್ಲಿ ಸೇರಿದ್ದು ಯಂಗ್ ಕ್ರಿಕೆಟರ್ಸ್ ಕ್ಲಬ್ಬನ್ನು. ಕ್ಲಬ್‌ನಲ್ಲಿ ಹದಿನೈದರ ಹುಡುಗ ಮೂವತ್ತೈದರ ಬೌಲರನ್ನು ಎದುರಿಸಬೇಕಾಗುತ್ತದೆ. ಓರಗೆಯವರ ಟೂರ್ನಿಯಲ್ಲಿ ಸಿಗದ ಪಾಠ ಅದು. ಕೆಳ ಡಿವಿಷನ್‌ಗಳ ಪಂದ್ಯಗಳು ಬಹುಕಾಲ ಮ್ಯಾಟಿಂಗ್ ಮೇಲೆ ನಡೆದವು. ಚೆಂಡು ಪುಟಿದೇಳುವ, ಚುರುಕಾಗಿ ತಿರುಗುವ ಆ ಮ್ಯಾಟು ಬೌಲರ್‌ಗಳಿಗೆ ಧೈರ್ಯವನ್ನೂ ಬ್ಯಾಟರ್‌ಗಳಿಗೆ ಎಚ್ಚರವನ್ನೂ ಕಲಿಸಿತು.

ಮೂರನೆಯ ಹಂತ ವಲಯ. ಬೆಂಗಳೂರು, ಮೈಸೂರು, ತುಮಕೂರು, ಮಂಗಳೂರು, ಶಿವಮೊಗ್ಗ, ಧಾರವಾಡ ಮತ್ತು ರಾಯಚೂರು ಎಂದು ಸಂಸ್ಥೆ ರಾಜ್ಯವನ್ನು ವಲಯಗಳಾಗಿ ವಿಂಗಡಿಸಿದೆ. ವಯೋಮಿತಿಗೆ ತಕ್ಕಂತೆ ಅಂತರ ವಲಯ ಪಂದ್ಯಗಳು ನಡೆಯುತ್ತವೆ. ಅಲ್ಲಿ ಮಿಂಚಿದವರು ಸಂಭಾವ್ಯರ ಪಟ್ಟಿಗೆ ಸೇರುತ್ತಾರೆ. ಶಿಬಿರ ಮತ್ತು ಅಭ್ಯಾಸ ಪಂದ್ಯಗಳ ನಂತರ ಪಟ್ಟಿ ಕಿರಿದಾಗುತ್ತ ಅಂತಿಮ ತಂಡ ಸಿದ್ಧವಾಗುತ್ತದೆ. ರಾಜಧಾನಿಯಿಂದ ದೂರದ ಊರಿನವರಿಗೆ ಈ ವ್ಯವಸ್ಥೆಯೇ ದಾರಿ. ಗದಗದ ಸುನೀಲ್ ಜೋಶಿ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಹೋಗಿಬರುತ್ತಿದ್ದ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ಅನುಕೂಲಗಳು ತೀರ ಕಡಿಮೆ ಇದ್ದವು. ಇಂದು ಹುಬ್ಬಳ್ಳಿಯ ರಾಜನಗರ, ಬೆಳಗಾವಿಯ ಆಟೊ ನಗರ, ಶಿವಮೊಗ್ಗದ ನವುಲೆ, ಮೈಸೂರಿನ ಮಾನಸಗಂಗೋತ್ರಿ ಆವರಣಗಳಲ್ಲಿ ಟರ್ಫ್ ವಿಕೆಟ್‌ಗಳಿವೆ. ದಾವಣಗೆರೆಯಿಂದ ಬಂದ ವಿನಯ್ ಕುಮಾರ್ 2013–14 ಮತ್ತು 2014–15ರಲ್ಲಿ ಸತತ ಎರಡು ಸಲ ರಣಜಿ ಗೆದ್ದ ತಂಡದ ನಾಯಕರಾಗಿದ್ದರು.

ವಯಸ್ಸಿನ ಪರಿಶೀಲನೆ ಕಿರಿಯರ ಕ್ರಿಕೆಟ್‌ನಲ್ಲಿ ಬಲು ಮುಖ್ಯವಾದ ಕೆಲಸ. ಜನನ ಪ್ರಮಾಣಪತ್ರ ಮತ್ತು ಶಾಲಾ ದಾಖಲೆಗಳ ಜತೆಗೆ, 16 ವರ್ಷದೊಳಗಿನವರ ಮಟ್ಟದಲ್ಲಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಪದ್ಧತಿಯನ್ನು ಮಂಡಳಿ ಜಾರಿಗೆ ತಂದಿದೆ. ಎರಡು ವರ್ಷ ದೊಡ್ಡವನಾದ ಹುಡುಗ ಕಿರಿಯರ ನಡುವೆ ಸುಲಭವಾಗಿ ಮಿಂಚುತ್ತಾನೆ, ಮತ್ತೊಬ್ಬ ಅರ್ಹನ ಜಾಗ ಕಸಿಯುತ್ತಾನೆ. ನ್ಯಾಯವಾದ ಆಯ್ಕೆಗೆ ಈ ಪರೀಕ್ಷೆ ಅಗತ್ಯ.

ಉತ್ತರ ಬೆಂಗಳೂರಿನ ನಂಟು

ಉತ್ತರ ಬೆಂಗಳೂರಿನಲ್ಲಿರುವ, ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಆರ್.ಟಿ. ನಗರ ಈ ವ್ಯವಸ್ಥೆಯ ತಳದಿಂದ ತುದಿಯವರೆಗಿನ ಎಲ್ಲ ಹಂತಗಳಿಗೂ ಹತ್ತಿರದ ಬಡಾವಣೆ. ಮೇಖ್ರಿ ವೃತ್ತ ದಾಟಿ ದಕ್ಷಿಣಕ್ಕೆ ಹೋದರೆ ಚಿನ್ನಸ್ವಾಮಿ ಕ್ರೀಡಾಂಗಣ. ಯಶವಂತಪುರದ ಮೂಲಕ ತುಮಕೂರು ರಸ್ತೆ ಹಿಡಿದರೆ ರಾಜ್ಯ ಸಂಸ್ಥೆಯ ಆಲೂರು ಮೈದಾನಗಳು. ಹೆಬ್ಬಾಳ, ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ಸಾದಹಳ್ಳಿಯ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ. ಇನ್ನೂ ಮುಂದೆ, ಕೆಂಪೇಗೌಡ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ, ಕ್ರಿಕೆಟ್ ಮಂಡಳಿಯ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ.

ಈ ಕೊನೆಯ ಕೇಂದ್ರದ ಮೂಲ 2000ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ. ಅದು ಬಹುಕಾಲ ಚಿನ್ನಸ್ವಾಮಿ ಕ್ರೀಡಾಂಗಣದ ಆವರಣದಲ್ಲೇ ಕೆಲಸ ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಹೊಸ ಆವರಣದಲ್ಲಿ ಮೂರು ಮೈದಾನ ಮತ್ತು ಒಳಾಂಗಣದ್ದೂ ಸೇರಿ 86 ಪಿಚ್‌ಗಳಿವೆ. ಮುಖ್ಯ ಮೈದಾನದ ಪಿಚ್‌ಗಳಿಗೆ ಮುಂಬೈಯ ಕೆಂಪು ಮಣ್ಣನ್ನು, ಉಳಿದೆರಡು ಮೈದಾನಗಳಿಗೆ ಮಂಡ್ಯದ ಮಣ್ಣನ್ನೂ ಒಡಿಶಾದ ಕಾಲಾಹಾಂಡಿಯ ಕಪ್ಪು ಮಣ್ಣನ್ನೂ ಬಳಸಲಾಗಿದೆ. ಒಂದೇ ಕಡೆ ಬೇರೆ ಬೇರೆ ಗುಣದ ಪಿಚ್‌ಗಳ ಮೇಲೆ ಅಭ್ಯಾಸ ಮಾಡಲು ಇದರಿಂದ ಸಾಧ್ಯವಾಗಿದೆ.

ಯಲಹಂಕ ಉಪನಗರದ ಶಾಲೆಯೊಂದಕ್ಕೆ ಆಡುತ್ತ 14 ವರ್ಷದೊಳಗಿನವರ ಬಿ.ಟಿ.ಆರ್. ಶೀಲ್ಡ್‌ನಲ್ಲಿ ಗಮನ ಸೆಳೆದ ಸಮಿತ್ ದ್ರಾವಿಡ್ ಮುಂದೆ 2023–24ರ ಕೂಚ್ ಬೆಹಾರ್ ಚಾಂಪಿಯನ್ ತಂಡದ ಆಲ್‌ರೌಂಡರ್ ಆದರು. ಅದೇ ತಂಡದ, ಫೈನಲ್‌ನಲ್ಲಿ ಮಿಂಚಿದ ಆರಂಭಿಕ ಬ್ಯಾಟರ್ ಪ್ರಖರ್ ಚತುರ್ವೇದಿ ತರಬೇತಿ ಪಡೆದದ್ದು ಸಾದಹಳ್ಳಿಯ ಕ್ರೀಡಾ ಕೇಂದ್ರದಲ್ಲಿ, ಕರ್ನಾಟಕದ ಮಾಜಿ ಬ್ಯಾಟರ್ ಕೆ. ಜೆಶ್ವಂತ್ ಅವರ ಬಳಿ. ಆದರೆ ಸೌಲಭ್ಯವುಳ್ಳ ಅಕಾಡೆಮಿ ಎಲ್ಲ ಮನೆಗಳಿಗೂ ಎಟುಕುವುದಿಲ್ಲ. ಆರ್.ಟಿ. ನಗರದ ಎಚ್‌.ಎಂ.ಟಿ. ಮೈದಾನದಂಥ ತೆರೆದ ಜಾಗಗಳ ಮಹತ್ವ ಇರುವುದು ಇಲ್ಲಿಯೇ. ಭಾನುವಾರ ಬೆಳಿಗ್ಗೆ ಅಕ್ಕಪಕ್ಕದಲ್ಲೇ ನಾಲ್ಕಾರು ಪಂದ್ಯಗಳು ನಡೆಯುವ ಇಂಥ ಮೈದಾನಗಳಲ್ಲಿ ಶುಲ್ಕವಿಲ್ಲದೆ, ಪರಿಚಯವಿಲ್ಲದೆ ಯಾವ ಹುಡುಗ ಬೇಕಾದರೂ ಚೆಂಡು ಹಿಡಿದು ನಿಲ್ಲಬಹುದು. ಬಡಾವಣೆಯ ಮಕ್ಕಳಲ್ಲಿ ಹೆಚ್ಚಿನವರ ಕ್ರಿಕೆಟ್ ಆರಂಭವಾಗುವುದು ಇಂಥಲ್ಲೇ.

ನಾಲ್ಕು ದಿನದ ಆಟದ ಪಾಠ

ಇಪ್ಪತ್ತು ಓವರ್‌ಗಳ ಕ್ರಿಕೆಟ್ ಮನೆಮಾತಾದ ಕಾಲದಲ್ಲೂ ಕೂಚ್ ಬೆಹಾರ್ ಟ್ರೋಫಿಯ ಬೆಲೆ ಕುಗ್ಗಿಲ್ಲ. ಅದಕ್ಕೆ ಕಾರಣ ಪಂದ್ಯದ ಅವಧಿ. ನಾಲ್ಕು ದಿನದ ಪಂದ್ಯದಲ್ಲಿ ಗೆಲ್ಲಬೇಕಾದರೆ ಎದುರಾಳಿಯ ಇಪ್ಪತ್ತು ವಿಕೆಟ್ ಪಡೆಯುವುದು ಸಾಮಾನ್ಯವಾಗಿ ಅಗತ್ಯ. ಅದು ಆಗದಿದ್ದರೆ ಮೊದಲ ಇನಿಂಗ್ಸ್ ಮುನ್ನಡೆ ನಿರ್ಣಾಯಕವಾಗುತ್ತದೆ. ಲೀಗ್ ಹಂತದಲ್ಲಿ ಮುನ್ನಡೆ ಪಡೆದ ತಂಡಕ್ಕೆ ಹೆಚ್ಚಿನ ಅಂಕ ಸಿಗುತ್ತದೆ. ನಾಕೌಟ್ ಹಂತದಲ್ಲಿ ಪಂದ್ಯ ಡ್ರಾ ಆದರೆ ಮುನ್ನಡೆ ಪಡೆದವರೇ ಮುಂದಕ್ಕೆ ಹೋಗುತ್ತಾರೆ.

ಈ ನಿಯಮ ಹದಿಹರೆಯದ ಬ್ಯಾಟರ್‌ಗೆ ತಾಳ್ಮೆಯನ್ನು ಕಲಿಸುತ್ತದೆ. ಹೊಸ ಚೆಂಡನ್ನು ಬಿಟ್ಟುಬಿಡುವುದು, ಊಟದ ವಿರಾಮದ ಹಿಂದು ಮುಂದಿನ ಓವರ್‌ಗಳನ್ನು ಜೋಪಾನವಾಗಿ ದಾಟುವುದು, ಶತಕದ ನಂತರವೂ ವಿಕೆಟ್ ಕೊಡದಿರುವುದು ರೂಢಿಯಾಗಬೇಕು. ಬೌಲರ್‌ಗಾದರೆ ಮೂರನೆಯ ಸ್ಪೆಲ್‌ನಲ್ಲೂ ಅದೇ ಲೆಂಗ್ತ್ ಹಿಡಿಯುವ ದೇಹಬಲ ಬೇಕು. ಇಲ್ಲಿ ಪಳಗಿದವರು ರಣಜಿಗೆ ಬಂದಾಗ ತಡವರಿಸುವುದಿಲ್ಲ. ಮಯಾಂಕ್ ಅಗರ್ವಾಲ್ 2008–09ರ ಕೂಚ್ ಬೆಹಾರ್ ಟ್ರೋಫಿಯ ರನ್‌ಗಳಿಂದ ಬೆಳಕಿಗೆ ಬಂದು, 2010ರ ಕಿರಿಯರ ವಿಶ್ವಕಪ್ ಆಡಿ, ಮುಂದೆ ಭಾರತಕ್ಕೆ ಟೆಸ್ಟ್ ಆರಂಭಿಕರಾದರು. ಅದೇ ವಿಶ್ವಕಪ್ ತಂಡದಲ್ಲಿ ಕೆ.ಎಲ್. ರಾಹುಲ್ ಕೂಡ ಇದ್ದರು. ಅದಕ್ಕೂ ಮುಂಚೆ 2004ರ ಕಿರಿಯರ ವಿಶ್ವಕಪ್‌ನಲ್ಲಿ ರಾಬಿನ್ ಉತ್ತಪ್ಪ, 2008ರಲ್ಲಿ ಕಪ್ ಗೆದ್ದ ತಂಡದಲ್ಲಿ ಮನೀಶ್ ಪಾಂಡೆ ಆಡಿದ್ದರು. ಕರ್ನಾಟಕ ಟ್ರೋಫಿ ಗೆಲ್ಲದಿದ್ದ ವರ್ಷಗಳಲ್ಲೂ ಅದರ ಕಿರಿಯರ ತಂಡ ದೇಶಕ್ಕೆ ಆಟಗಾರರನ್ನು ಕೊಡುತ್ತಲೇ ಬಂದಿತ್ತು.

ದೊಡ್ಡ ಇನಿಂಗ್ಸ್‌ಗಳಿಗೂ ಈ ಟೂರ್ನಿ ಹೆಸರಾಗಿದೆ. 1999ರ ಡಿಸೆಂಬರಿನಲ್ಲಿ ಜಮ್‌ಶೆಡ್‌ಪುರದ ಫೈನಲ್‌ನಲ್ಲಿ ಬಿಹಾರ 357 ರನ್‌ಗಳಿಗೆ ಆಲೌಟಾಯಿತು. ಉತ್ತರವಾಗಿ ಪಂಜಾಬಿನ ಯುವರಾಜ್ ಸಿಂಗ್ ಒಬ್ಬರೇ 358 ರನ್ ಹೊಡೆದರು. ಬಿಹಾರದ ಪರ 84 ರನ್ ಗಳಿಸಿದ್ದ ಹುಡುಗನ ಹೆಸರು ಮಹೇಂದ್ರ ಸಿಂಗ್ ಧೋನಿ. 2011–12ರಲ್ಲಿ ಮಹಾರಾಷ್ಟ್ರದ ವಿಜಯ್ ಝೋಲ್ ಅಸ್ಸಾಂ ವಿರುದ್ಧ ಔಟಾಗದೆ 451 ರನ್ ಗಳಿಸಿದರು. ಆದರೆ ಫೈನಲ್ ಪಂದ್ಯದಲ್ಲಿ ನಾನೂರರ ಗಡಿಯನ್ನು ಯಾರೂ ಮುಟ್ಟಿರಲಿಲ್ಲ.

ನವುಲೆಯ ಫೈನಲ್

2023–24ರ ಟೂರ್ನಿಯಲ್ಲಿ ಧೀರಜ್ ಗೌಡ ನಾಯಕತ್ವದ ಕರ್ನಾಟಕ ಫೈನಲ್ ತಲುಪಿತು. ಎದುರಾಳಿ ಮುಂಬೈ. ಹಿರಿಯರ ಕ್ರಿಕೆಟ್‌ನಲ್ಲಿ ಮೈಸೂರನ್ನೂ ಕರ್ನಾಟಕವನ್ನೂ ಮತ್ತೆ ಮತ್ತೆ ಕಾಡಿದ್ದ ಎದುರಾಳಿಯೇ ಕಿರಿಯರಿಗೂ ಸಿಕ್ಕಿತ್ತು. ಪಂದ್ಯ ಜನವರಿ 12ರಂದು ಶಿವಮೊಗ್ಗದ ನವುಲೆಯಲ್ಲಿ ಆರಂಭವಾಯಿತು.

ಮುಂಬೈ ಮೊದಲು ಬ್ಯಾಟ್ ಮಾಡಿ 380 ರನ್ ಗಳಿಸಿತು. ಆಯುಷ್ ಮ್ಹಾತ್ರೆ 145 ರನ್ ಹೊಡೆದರು. ಕರ್ನಾಟಕದ ಬೌಲಿಂಗ್‌ನಲ್ಲಿ ಹಾರ್ದಿಕ್ ರಾಜ್ ಮುಂಚೂಣಿಯಲ್ಲಿದ್ದರು. 380 ಸಣ್ಣ ಮೊತ್ತವಲ್ಲ. ಕಿರಿಯರ ಫೈನಲ್‌ನಲ್ಲಿ ಅಷ್ಟು ರನ್ ಎದುರಿಗಿದ್ದಾಗ ಆತುರಪಟ್ಟು ಕುಸಿದ ತಂಡಗಳು ಎಷ್ಟೋ.

ಕರ್ನಾಟಕದ ಆರಂಭಿಕ ಪ್ರಖರ್ ಚತುರ್ವೇದಿ ಆತುರಪಡಲಿಲ್ಲ. ಹರ್ಷಿಲ್ ಧರ್ಮಾನಿ ಅವರ ಜತೆ ಕಟ್ಟಿದ ದೊಡ್ಡ ಜತೆಯಾಟ ಪಂದ್ಯವನ್ನು ಕರ್ನಾಟಕದ ಕಡೆಗೆ ತಿರುಗಿಸಿತು. ಹರ್ಷಿಲ್ 169 ರನ್ ಗಳಿಸಿ ಔಟಾದ ಮೇಲೂ ಪ್ರಖರ್ ನಿಂತೇ ಇದ್ದರು. ಮುನ್ನಡೆ ಸಿಕ್ಕಿತು, ದ್ವಿಶತಕವಾಯಿತು, ತ್ರಿಶತಕವಾಯಿತು. ಕೆ.ಪಿ. ಕಾರ್ತಿಕೇಯ 72 ರನ್ ಸೇರಿಸಿದರೆ, ಎನ್. ಸಮರ್ಥ್ ಕೊನೆಯಲ್ಲಿ ಔಟಾಗದೆ 55 ರನ್ ಗಳಿಸಿ ಜತೆ ನೀಡಿದರು. ಪಂದ್ಯದ ನಾಲ್ಕನೆಯ ದಿನ, ಸಂಕ್ರಾಂತಿಯ ಸೋಮವಾರ, ಪ್ರಖರ್ ನಾನೂರು ದಾಟಿದರು. ಅವರ ಮೊತ್ತ ಔಟಾಗದೆ 404. ಎದುರಿಸಿದ ಚೆಂಡು 638. ಬೌಂಡರಿ 46, ಸಿಕ್ಸರ್ 3. ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಇದು ಮೊದಲ ಚತುಶ್ಶತಕ. ಯುವರಾಜ್ ಸಿಂಗ್ ಅವರ 24 ವರ್ಷ ಹಳೆಯ ಫೈನಲ್ ದಾಖಲೆ ಅಲ್ಲಿಗೆ ಮುರಿಯಿತು.

ಕರ್ನಾಟಕ 223 ಓವರ್‌ಗಳಲ್ಲಿ 8 ವಿಕೆಟ್‌ಗೆ 890 ರನ್ ಗಳಿಸಿ ಡಿಕ್ಲೇರ್ ಮಾಡಿತು. ಪಂದ್ಯ ಡ್ರಾ ಆಯಿತು. 510 ರನ್‌ಗಳ ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದಲ್ಲಿ ಟ್ರೋಫಿ ಕರ್ನಾಟಕದ ಪಾಲಾಯಿತು. 404ರಲ್ಲಿ ಸಿಕ್ಸರ್‌ಗಳು ಮೂರೇ ಎಂಬುದನ್ನು ಗಮನಿಸಬೇಕು. ಟ್ರೋಫಿಯನ್ನು ಗೆಲ್ಲಿಸಿದ್ದು ನೆಲದ ಮೇಲಿನ ಹೊಡೆತ, ಓಡಿ ಗಳಿಸಿದ ರನ್ ಮತ್ತು ವಿಕೆಟ್ ಬಿಟ್ಟುಕೊಡದ ಹಟ.

ಅನಂತರದ ಬೆಳವಣಿಗೆ

ಗೆಲುವಿನ ಫಲ ಬೇಗ ಕಾಣಿಸಿತು. ಅದೇ ಋತುವಿನಲ್ಲಿ 23 ವರ್ಷದೊಳಗಿನವರ ಸಿ.ಕೆ. ನಾಯ್ಡು ಟ್ರೋಫಿಯೂ ಕರ್ನಾಟಕಕ್ಕೆ ಬಂತು. ಫೈನಲ್‌ನಲ್ಲಿ ಉತ್ತರ ಪ್ರದೇಶವನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸೋಲಿಸಲಾಯಿತು. 2024ರಲ್ಲಿ ಆಸ್ಟ್ರೇಲಿಯಾದ ಕಿರಿಯರ ವಿರುದ್ಧದ ಸರಣಿಗೆ ಪ್ರಕಟವಾದ ಭಾರತದ 19 ವರ್ಷದೊಳಗಿನ ತಂಡಗಳಲ್ಲಿ ಕಾರ್ತಿಕೇಯ, ಸಮರ್ಥ್, ಹಾರ್ದಿಕ್ ರಾಜ್ ಮತ್ತು ಸಮಿತ್ ದ್ರಾವಿಡ್ ಹೆಸರುಗಳಿದ್ದವು. ನಾಲ್ವರೂ ನವುಲೆಯ ಫೈನಲ್ ಆಡಿದವರು.

ಕಿರಿಯರ ಕ್ರಿಕೆಟ್ ಎಂದರೆ ಹುಡುಗರ ಕ್ರಿಕೆಟ್ ಎಂಬ ಭಾವನೆಯೂ ಈಗ ಉಳಿದಿಲ್ಲ. ಬೆಂಗಳೂರಿಗೆ ಮಹಿಳಾ ಕ್ರಿಕೆಟ್‌ನ ನಂಟು ಹಳೆಯದು: ಶಾಂತಾ ರಂಗಸ್ವಾಮಿ ನಾಯಕತ್ವದಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲಿ. 2025ರ ಫೆಬ್ರುವರಿ 2ರಂದು ಕ್ವಾಲಾಲಂಪುರದಲ್ಲಿ ದಕ್ಷಿಣ ಆಫ್ರಿಕಾವನ್ನು ಮಣಿಸಿ 19 ವರ್ಷದೊಳಗಿನ ಮಹಿಳೆಯರ ಟಿ20 ವಿಶ್ವಕಪ್ ಎತ್ತಿಹಿಡಿದ ಭಾರತ ತಂಡದ ನಾಯಕಿ ಕರ್ನಾಟಕದ ನಿಕಿ ಪ್ರಸಾದ್. ರಾಜ್ಯದ ಕಿರಿಯರ ವ್ಯವಸ್ಥೆಯಿಂದ ಬಂದವರ ಸಾಧನೆಗಳಲ್ಲಿ ಇದಕ್ಕೆ ಮೇಲಿನ ಸ್ಥಾನ ಸಲ್ಲಬೇಕು.

ಉಳಿಸಿಕೊಳ್ಳಬೇಕಾದದ್ದು

ಟ್ರೋಫಿಗಳ ಪಟ್ಟಿಯಲ್ಲಿ ಹನ್ನೊಂದು ಮಂದಿ ಆಟಗಾರರ ಹೆಸರಷ್ಟೇ ಉಳಿಯುತ್ತದೆ. ಅವರ ಹಿಂದೆ ಬೆಳಿಗ್ಗೆ ಆರಕ್ಕೆ ನೆಟ್ಸ್ ಕಟ್ಟುವ ಕೋಚ್, ಪಿಚ್‌ಗೆ ನೀರು ಹೊಡೆದು ರೋಲರ್ ಎಳೆಯುವ ಮೈದಾನದ ಸಿಬ್ಬಂದಿ, ಪರೀಕ್ಷೆಯ ನಡುವೆ ಹುಡುಗನನ್ನು ಪಂದ್ಯಕ್ಕೆ ಕಳಿಸುವ ಶಾಲೆಯ ದೈಹಿಕ ಶಿಕ್ಷಕ, ಕಿಟ್ ಬ್ಯಾಗ್ ಹೊತ್ತು ಬಸ್ಸು ಬದಲಿಸುವ ತಂದೆ ತಾಯಿ ಇದ್ದಾರೆ. ಇವರೆಲ್ಲರ ದುಡಿಮೆ ಫಲಿಸಬೇಕಾದರೆ ಮೊದಲು ಆಡಲು ನೆಲ ಬೇಕು. ಬಳ್ಳಾರಿ ರಸ್ತೆಯ ಉದ್ದಕ್ಕೂ ಅಂತಾರಾಷ್ಟ್ರೀಯ ಮಟ್ಟದ ಕೇಂದ್ರಗಳು ಬಂದಿರುವುದು ಉತ್ತರ ಬೆಂಗಳೂರಿನ ಭಾಗ್ಯ. ಅಲ್ಲಿಗೆ ಹೋಗುವ ಮಗು ಮೊದಲ ಚೆಂಡನ್ನು ಎಸೆಯುವುದು ಮಾತ್ರ ತನ್ನ ಬಡಾವಣೆಯ ಬಯಲಿನಲ್ಲಿ. ಆದ್ದರಿಂದ ಆರ್.ಟಿ. ನಗರ, ಗಂಗಾನಗರ, ಹೆಬ್ಬಾಳ, ಯಲಹಂಕಗಳ ಆಟದ ಮೈದಾನಗಳನ್ನು ಕಟ್ಟಡಕ್ಕೂ ವಾಹನ ನಿಲುಗಡೆಗೂ ಬಿಟ್ಟುಕೊಡದೆ ಮಕ್ಕಳಿಗಾಗಿ ತೆರೆದಿಡುವುದು ನಾಗರಿಕ ಸಂಘಗಳ, ಶಾಲೆಗಳ ಮತ್ತು ಪಾಲಿಕೆಯ ಜಂಟಿ ಹೊಣೆ. ಈ ಹೊಣೆ ನೆರವೇರಿದರೆ ಕರ್ನಾಟಕದ ಕಿರಿಯರು ಎರಡನೆಯ ಕೂಚ್ ಬೆಹಾರ್ ಟ್ರೋಫಿಗಾಗಿ ಮೊದಲನೆಯದಕ್ಕೆ ಕಾದಷ್ಟು ಕಾಲ ಕಾಯಬೇಕಾಗಿ ಬರುವುದಿಲ್ಲ.